ಪಡಸಾಲೆಯ ಹಗೇವು

ಕುರುಗೋಡಿನಲ್ಲಿ ಮನೆ ಕೊಳ್ಳುವವರು ಮೊದಲು ಪಾರಮ್ಮನ ಬಾಗಿಲಿಗೆ ಬರುತ್ತಿದ್ದರು. ಅವಳೇನೂ ದಲ್ಲಾಳಿಯಲ್ಲ. ಊರವರ ಮನೆ ನೋಡುವುದೆಂದರೆ ಅವಳಿಗೆ ಸೊಸೆ ನೋಡಿದಷ್ಟು ಸಂಭ್ರಮ, ಅಷ್ಟೇ.

“ಮಳಿ ಬಂದ ಮರುದಿನ ಹೋಗಿ ಮಾಳಿಗಿ ನೋಡ್ರಿ. ಮಾರೋರನ್ನ ಕೇಳಬ್ಯಾಡ್ರಿ, ಮಗ್ಗಲ ಮನಿಯೋರನ್ನ ಕೇಳ್ರಿ. ಗ್ವಾಡಿಗೆ ಹೊಸಾ ಸುಣ್ಣ ಕಂಡ್ರ, ಈಗ್ಯಾಕ ಬಳದ್ರಿ ಅಂತ ಕೇಳ್ರಿ,” ಎನ್ನುವಳು. ಒನಕೆ ಹಿಡಿದು ನೆಲ ಕುಟ್ಟಿ ಸದ್ದಿಗೆ ಕಿವಿಗೊಡುವಳು. ಅವಳು ಬೇಡವೆಂದ ಮನೆಯನ್ನು ನೆರೆಯೂರು ಬಾದನಹಟ್ಟಿಯವರೂ ಕೊಳ್ಳುತ್ತಿರಲಿಲ್ಲ.

ಅಂಥವಳು ತನ್ನ ಮನೆ ಮಾರುವಾಗ ಮಾಡಿದ್ದು ಮಾತ್ರ ಬೇರೆ.

ಎರೆಸೀಮೆಯಲ್ಲಿ ಜೋಳ ತುಂಬಿಡಲು ನೆಲದೊಳಗೆ ಆಳವಾದ ಗುಂಡಿ ತೋಡುತ್ತಾರೆ. ಅದೇ ಹಗೇವು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರ ಲೆವಿಯೆಂದು ಮನೆಮನೆಯ ಜೋಳ ಎತ್ತತೊಡಗಿದಾಗ, ಪಾರಮ್ಮನ ಗಂಡ ಚಿದಾನಂದಪ್ಪ ಪಡಸಾಲೆಯಲ್ಲೇ ಕದ್ದು ಒಂದು ಹಗೇವು ತೋಡಿಸಿದ. ಬಾಯಿಗೆ ಬಂಡೆ ಮುಚ್ಚಿ, ಮೇಲೆ ಸಗಣಿ ಸಾರಿಸಿ ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಿದ. ಒಂದು ಮಳೆಗಾಲದಲ್ಲಿ ನೀರಿಳಿದು ತಳದ ಜೋಳ ಕೊಳೆಯಿತು. ಮೇಲಿನದ್ದನ್ನು ತೆಗೆದು ಉಳಿದದ್ದನ್ನು ಹಾಗೇ ಮುಚ್ಚಿದರು. ಕೊಳೆತ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿಕೊಳ್ಳುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಡದೆ, ದೀಪ ಇಳಿಸಿ ನೋಡದೆ ಇಳಿದವನು ಮೇಲೆ ಬರುವುದಿಲ್ಲ. ಇದು ಆ ಸೀಮೆಯ ಕೂಸಿಗೂ ಗೊತ್ತು.

ಐವತ್ತೊಂದರಲ್ಲಿ ಚಿದಾನಂದಪ್ಪ ಬಳ್ಳಾರಿಯಲ್ಲಿ ಅಂಗಡಿ ಹಾಕಲು ಹೊರಟು ಮನೆ ಮಾರಾಟಕ್ಕಿಟ್ಟ. ಕೊಳ್ಳಲು ಬಂದವರು ಕೆಂಚನಗುಡ್ಡದ ರಂಗಣ್ಣ, ಅವನ ಹೆಂಡತಿ ಜಡೆಮ್ಮ. ಹೊಳೆದಂಡೆಯವರು, ಅಲ್ಲಿಯ ಹಸಿ ನೆಲದಲ್ಲಿ ಹಗೇವು ನಿಲ್ಲುವುದಿಲ್ಲ. ಅದರ ಗಾಳಿಯ ಸುದ್ದಿ ಅವರಿಗೇನು ಗೊತ್ತು?

“ಹಗೇವಿನ ಮಾತು ಎತ್ತಬ್ಯಾಡ. ಲೆವಿ ಕಳ್ಳ ಅಂತ ಈಗ್ಲೂ ಹಿಡದಾರು,” ಎಂದ ಚಿದಾನಂದಪ್ಪ. ವರ್ಷಗಟ್ಟಲೆ ಮುಚ್ಚಿಟ್ಟು ಆ ಮನೆಯವರಿಗೆ ಮುಚ್ಚಿಡುವುದೇ ಬಾಳುವೆಯಾಗಿತ್ತು. ಪಾರಮ್ಮ ಹಗೇವಿನ ಬಾಯ ಮೇಲೆ ಬೀಸುವ ಕಲ್ಲು ತಂದಿಟ್ಟಳು.

ಜಡೆಮ್ಮ ಅಂಗಳದಲ್ಲಿ ಅವಳ ಕೈ ಹಿಡಿದುಕೊಂಡು ಕೇಳಿದಳು: “ಅಮ್ಮಾ, ಊರೋರಿಗೆಲ್ಲ ಮನಿ ನೋಡಿ ಹೇಳ್ತೀರಂತ. ನಿಮ್ಮ ಮಗಳು ಅಂದ್ಕೊಂಡು ನನಗೂ ಹೇಳ್ರಿ. ಈ ಮನ್ಯಾಗ ಏನರ ಕುಂದೈತೇನು?”

“ಮೂಡಲ ಮೂಲ್ಯಾಗ ಮಾಳಿಗಿ ಸೋರತೈತಿ ನೋಡವ್ವಾ. ವರ್ಷಾ ಮಣ್ಣು ಹಾಕಸ್ರಿ,” ಎಂದಳು ಪಾರಮ್ಮ.

ಸಣ್ಣ ಕುಂದು ಹೇಳಿ ದೊಡ್ಡದನ್ನು ನುಂಗುವುದು ಮಾರುವವರ ಹಳೆಯ ಚಾಳಿ. ಬೇರೆಯವರ ಬಾಯಲ್ಲಿ ಅವಳು ಅದನ್ನು ಥಟ್ಟನೆ ಹಿಡಿಯುತ್ತಿದ್ದಳು. ಜಡೆಮ್ಮನ ಮುಖ ಅರಳಿತು. ಎಂಥಾ ಸತ್ಯವಂತೆಯೆಂದು ಗಂಡನಿಗೂ ಹೇಳಿದಳು. ಪಾರಮ್ಮನಿಗೆ ನೆಲದೊಳಗೆ ಇಳಿದು ಹೋಗಬೇಕೆನ್ನಿಸಿತು.

ಬಳ್ಳಾರಿಯಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ಒಂದು ಕಾಗದ ಬರೆಸೋಣವೆಂದರೆ ಚಿದಾನಂದಪ್ಪ ಕಣ್ಣು ಕೆಂಪಗೆ ಮಾಡುವನು. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ ಎಂದು ವರ್ಷ ಕಳೆಯಿತು.

ಮಳೆ ಹಿಡಿದ ದಿನಗಳಲ್ಲಿ ಹಳೆಯ ನೆರೆಯವ ಕೊಟ್ರಬಸಪ್ಪ ಅಂಗಡಿಗೆ ಬಂದಾಗ ಪಾರಮ್ಮನೊಬ್ಬಳೇ ಇದ್ದಳು. ಮಾತಿಗೆ ಮಾತು ಬಂದು, “ನಿಮ್ಮ ಹಳೇ ಮನಿ ಪಡಸಾಲಿ ಕುಸದೈತಿ. ರಂಗಣ್ಣ ಅಗಿಯಾಕ ಹತ್ಯಾನ,” ಎಂದ.

ಪಾರಮ್ಮ ಗಂಡನಿಗೆ ಹೇಳಲಿಲ್ಲ. ಉಟ್ಟ ಸೀರೆಯಲ್ಲೇ ಹೋಗಿ ಬಸ್ಸು ಹತ್ತಿದಳು. ಹಾಳು ಬಸ್ಸು ಸಿಕ್ಕಸಿಕ್ಕವರಿಗೆಲ್ಲ ನಿಂತಿತು. ಒಬ್ಬ ಮೇಕೆ ಹತ್ತಿಸಲು ಜಗಳಕ್ಕೆ ನಿಂತ. ಅವಳು ದೇವರಿಗೆ ಕೈ ಮುಗಿದಳು, ಡ್ರೈವರನಿಗೂ ಮುಗಿದಳು.

ಜಡೆಮ್ಮ ಬಾಗಿಲಲ್ಲೇ ಸಿಕ್ಕಳು, ನಗುತ್ತಿದ್ದಳು. “ಬರ್ರಿ ಅಮ್ಮಾ, ಬರ್ರಿ! ನಿಮ್ಮ ಮನ್ಯಾಗ ದೊಡ್ಡ ಗುಂಡಿ ಸಿಕ್ಕೈತಿ. ಹಳೇ ಕಾಲದೋರು ಏನರ ಇಟ್ಟಾರೇನೋ ಅಂತ ಇವ್ರು ಈಗ ಕೆಳಗ ಇಳದಾರ.”

ಪಾರಮ್ಮ ಅವಳನ್ನು ತಳ್ಳಿಕೊಂಡೇ ಒಳಗೆ ಓಡಿದಳು. ಬಂಡೆ ಪಕ್ಕಕ್ಕಿತ್ತು. ಹುಳಿತ ನಾತ ಮೂಗಿಗೆ ಬಡಿಯಿತು. “ರಂಗಣ್ಣಾ!” ಎಂದು ಕೂಗಿದಳು. ಉತ್ತರವಿಲ್ಲ. ಜಡೆಮ್ಮ ಏಣಿಗೆ ಕಾಲಿಟ್ಟಳು. ಪಾರಮ್ಮ ಅವಳ ಸೊಂಟ ಅವಚಿ ಬಿಡಲೇ ಇಲ್ಲ. ಪರಚಿದರೂ ಬಿಡಲಿಲ್ಲ.

ನೆರೆಯವರು ಕಬ್ಬಿಣದ ಕೊಕ್ಕೆ ಹಾಕಿ ಅವನನ್ನು ಎಳೆದು ತೆಗೆದರು. ಜೀವ ಹೋಗಿತ್ತು.

ಹೆಂಗಸರು ಗೋಳಿಡುತ್ತಿದ್ದರು. ಜಡೆಮ್ಮ ಮಾತ್ರ ಅಳದೆ ಪಾರಮ್ಮನನ್ನೇ ನೋಡಿದಳು. “ಇದು ಐತಂತ ನಿಮಗ ಮೊದಲ ಗೊತ್ತಿತ್ತೇನು?”

ಈ ಸಲ ಅವಳು ಮಾಳಿಗೆಯ ಮಾತು ಎತ್ತಲಿಲ್ಲ.

“ಗೊತ್ತಿತ್ತವ್ವಾ,” ಎಂದಳು ಪಾರಮ್ಮ.