ನನ್ನ ಹೆಸರಿನ ರಿಪೋರ್ಟು ತರಲು ಲಿಂಗಸುಗೂರಿಗೆ

ಮಂಗಳವಾರ ಬೆಳಿಗ್ಗೆ ಏಳಕ್ಕೆ ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಐವತ್ತು ಕಿಲೋಮೀಟರಿಗೂ ಮೇಲಿನ ದಾರಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಭತ್ತದ ಗಿರಣಿ ಸೇರಿ, ಮೇಸ್ತ್ರಿಯಾದವನು ನಾನು. ಇಪ್ಪತ್ತೆಂಟು ವರ್ಷದಲ್ಲಿ ಕಾಯಿಲೆಯೆಂದು ಒಂದು ದಿನವೂ ರಜೆ ಹಾಕಿಲ್ಲ. ಅಂದೂ ಯಂತ್ರದ ಬೆಲ್ಟು ತರುತ್ತೇನೆಂದೇ ಹೇಳಿ ಹೊರಟಿದ್ದೆ.

ನಿಜವಾದ ಕೆಲಸ ಬೇರೆ ಇತ್ತು. ಸಕ್ಕರೆ ಕಾಯಿಲೆಯವರ ಕಿಡ್ನಿ ಕೆಡುವ ಮುಂಚೆಯೇ ಮೂತ್ರದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂದು ಲಿಂಗಸುಗೂರಿನ ಕಿಡ್ನಿ ಡಾಕ್ಟರಮ್ಮ ಒಬ್ಬರು ಸಂಶೋಧನೆ ಮಾಡುತ್ತಿದ್ದರು. ನಮ್ಮ ಓಣಿಯಲ್ಲಿ ನನ್ನಂತೆ ಸಕ್ಕರೆ ಇದ್ದವರಿಗೆಲ್ಲ ಹೆಸರು ಬರೆದ ಡಬ್ಬಿ ಕೊಟ್ಟು, ಮುಂಜಾನೆಯ ಮೊದಲ ಮೂತ್ರ ತರಿಸಿಕೊಂಡಿದ್ದರು. ನನ್ನ ಕಿಡ್ನಿ ಕೆಟ್ಟಿದೆಯೆಂದು ಗಿರಣಿಯಲ್ಲಿ ಗೊತ್ತಾದರೆ ಹಮಾಲರೂ ಕನಿಕರ ತೋರಿಸುತ್ತಾರೆಂದು, ನನ್ನ ಡಬ್ಬಿಯಲ್ಲಿ ಹೆಂಡತಿ ಬಸಮ್ಮನದು ತುಂಬಿಸಿ ಕೊಟ್ಟಿದ್ದೆ. ಯಾಕೆಂದು ಆಕೆ ಕೇಳಲೂ ಇಲ್ಲ. ಗಟ್ಟಿ ಹೆಂಗಸು, ಆಕೆಗೇನೂ ಇಲ್ಲವೆಂಬ ನಂಬಿಕೆ ನನ್ನದು. ಈಗ ಕೂಡಲೇ ಬರಬೇಕೆಂದು ಡಾಕ್ಟರಮ್ಮನ ಫೋನು ಬಂದಿತ್ತು.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಪರಿಚಯದ ಚೀಲದ ವ್ಯಾಪಾರಿ ಖಾಸೀಂಸಾಬ್ ಮಿರ್ಚಿ ತಂದ.

"ತಿನ್ನಪಾ ಮೇಸ್ತ್ರಿ. ಮಾರಿ ಯಾಕ ಹಿಂಗ ಮಾಡೀ? ಎರಡನೇ ಹೆಣ್ಣು ನೋಡಾಕ ಹೊಂಟೀಯೇನು?"

"ಬೆಲ್ಟ್ ತರಾಕ ಹೊಂಟೀನಿ ಭಾಯಿ" ಎಂದೆ. ಮಿರ್ಚಿಯನ್ನು ಕಾಗದದಲ್ಲಿ ಸುತ್ತಿಟ್ಟೆ.

ಲಿಂಗಸುಗೂರಿನಲ್ಲಿ ಡಾಕ್ಟರಮ್ಮ ಕಾಗದ ನೋಡಿ ಹೇಳಿದರು: "ಮೂತ್ರದಾಗ ಪ್ರೋಟೀನ್ ಸೋರಾಕತ್ತೈತ್ರಿ. ಇನ್ನೂ ಸುರುವಾತು ಅಷ್ಟ. ಈಗ ಹಿಡಿದ್ರ ಕಿಡ್ನಿ ಉಳಸಬಹುದು. ಗುಳಿಗಿ ಬರೀತೀನಿ."

"ಅದು ನನ್ನದಲ್ರೀ ಮೇಡಂ. ನನ್ನ ಹೆಂಡ್ತೀದು."

ಪೆನ್ನು ನಿಂತಿತು. "ಆಕೀಗೆ ಸಕ್ಕರಿ ಎಷ್ಟೈತಿ?"

"ಆಕೀಗೆಲ್ಲೀದ್ರೀ? ಎಂದೂ ತೋರ್ಸಿಲ್ಲ."

"ತೋರ್ಸಿಲ್ಲ ಅಂದ್ರ ಇಲ್ಲಂತೇನು?" ಎನ್ನುತ್ತ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. "ನಿಮ್ಮಂಥವರು ಇನ್ನೆಷ್ಟು ಮಂದಿ ಅದಾರೋ! ನನ್ನ ಕೆಲಸ ಕೆಟ್ರ ಮತ್ತ ಮಾಡ್ತೀನಿ. ಆಕೀ ಕಿಡ್ನಿ ಮತ್ತ ಬರಂಗಿಲ್ಲ. ಇಬ್ಬರೂ ಕೂಡಿ ಬರ್ರಿ."

ಗಿರಣಿ ಮಾಲೀಕರೂ ನನಗೆ ಹಾಗೆ ಮಾತಾಡಿದ್ದಿಲ್ಲ.

ಮರಳುವ ಬಸ್ಸಿನಲ್ಲಿ ನಿಂತೇ ಬಂದೆ. ದೀಪಾವಳಿಯಿಂದಲೂ ಬಸಮ್ಮ ಸುಸ್ತೆನ್ನುತ್ತಿದ್ದಳು. "ಮನ್ಯಾಗ ಕುಂತಾಕಿಗೆ ಎಂಥಾ ಸುಸ್ತು" ಎಂದು ನಾನೇ ಬಾಯಿ ಮುಚ್ಚಿಸಿದ್ದೆ.

ಮೂರಕ್ಕೆ ಮನೆ ಮುಟ್ಟಿದೆ. ಬಸಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆಯ ಕೈ ಮೊರದಲ್ಲೇ ನಿಂತಿತು.

"ಅಂದ್ರ ಕೆಟ್ಟಿದ್ದು ನಂದು?"

"ಹೂಂ."

"ಸದ್ಯ! ನಿಮಗೇನಿಲ್ಲಲ್ಲ ಮತ್ತ" ಎಂದು ಉಸಿರು ಬಿಟ್ಟಳು.

ನಾನು ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಂತಿದ್ದೆ.