ಹಗೇವಿಗೆ ಇಳಿಸಿದ ದೀಪ

ದಣಿವು ಅಂದ್ರೆ ಏನು ಅಂತ ನನ್ನನ್ನು ಕೇಳಿ. ಎಪ್ಪತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನ ವಿಜ್ಞಾನಿಯೊಬ್ಬರು ರಾಜಘಟ್ಟದ ಪಕ್ಕದ ನಮ್ಮ ಹೊಲಗಳಲ್ಲಿ, ಆಕಾಶದಿಂದ ಬೀಳುವ ಕಣಗಳನ್ನು ಹಿಡಿಯೋಕೆ ಹತ್ತು ಪೆಟ್ಟಿಗೆ ಇಡಿಸಿದ್ದರು. ಬೆಳಿಗ್ಗೆ ರಾಗಿ ಕೊಯ್ಲು, ಆಮೇಲೆ ಪೆಟ್ಟಿಗೆಗಳ ಸುತ್ತು. ಐಟಿಐ ಓದಿದ ತಪ್ಪಿಗೆ ಅದೂ ನನ್ನ ತಲೆಗೇ ಕಟ್ಟಿಕೊಂಡಿತ್ತು.

ಆಕಾಶದ ಯಾವುದೋ ಮೂಲೆಯಿಂದ ಒಂದೇ ಒಂದು ಕಣ ಬಂದು ಗಾಳಿಗೆ ಬಡಿದು, ಒಡೆದು, ಕೋಟಿಗಟ್ಟಲೆ ಮರಿಗಳಾಗಿ ನಮ್ಮ ಮೇಲೆ ಸುರಿಯುತ್ತದಂತೆ. ಮುಕ್ಕಾಲುಪಾಲು ಮಣ್ಣಿನಲ್ಲೇ ನಿಂತುಬಿಡುತ್ತವೆ, ಒಂದು ಜಾತಿಯವು ಮಾತ್ರ ನೆಲ ತೂರಿ ಇಳಿಯುತ್ತವೆ. ಅವು ಜಾಸ್ತಿ ಸಿಕ್ಕಿದರೆ ಬಂದದ್ದು ಕಬ್ಬಿಣದಂಥ ಭಾರದ್ದು, ಕಮ್ಮಿ ಸಿಕ್ಕಿದರೆ ಹಗುರದ್ದು. ಅದಕ್ಕೇ ಹತ್ತರಲ್ಲಿ ಒಂದು ಪೆಟ್ಟಿಗೆ ನೆಲದೊಳಗೆ ಇರಬೇಕಿತ್ತು. ಅಪ್ಪ ನಮ್ಮ ಹಗೇವನ್ನೇ ಬಿಟ್ಟುಕೊಟ್ಟ. ತಾತನ ಕಾಲದಿಂದ ರಾಗಿ ತುಂಬಿಡುತ್ತಿದ್ದ, ಎರಡಾಳು ಆಳದ ಗುಂಡಿ ಅದು. "ರಾಗಿ ಕಾದಿದ್ದು, ನಿಮ್ ಆಕಾಶಾನೂ ಕಾಯ್ಲಿ ಬುಡಿ ಸ್ವಾಮಿ" ಅಂದಿದ್ದ.

ಸಣ್ಣಪುಟ್ಟವು ದಿನಾ ಬೀಳುತ್ತಿದ್ದವು. ವಿಜ್ಞಾನಿ ಸಾರ್ ಕಾಯುತ್ತಿದ್ದದ್ದು ಹತ್ತೂ ಪೆಟ್ಟಿಗೆಗೆ ಒಟ್ಟಿಗೆ ಬಡಿಯುವಂಥ ದೊಡ್ಡದಕ್ಕೆ. ಮೂರು ವರ್ಷ ಕಾದು ಅವರ ಮುಖವೂ ಸೋತುಹೋಗಿತ್ತು.

ಪೆಟ್ಟಿಗೆಯೊಳಗಿನ ಗಾಜಿನ ಟ್ಯೂಬು ಮಿಂಚುಹುಳಕ್ಕಿಂತ ಸಣ್ಣ ಬೆಳಕನ್ನೂ ಹಿಡಿಯುತ್ತಿತ್ತು. ಕರೆಂಟಿದ್ದಾಗ ಅದಕ್ಕೆ ದೀಪದ ಬೆಳಕು ತಗುಲಿದರೆ ಟ್ಯೂಬಿನ ಕಥೆ ಮುಗೀತು. ಸ್ವಿಚ್ ಆರಿಸಿಯೇ ಮುಚ್ಚಳ ತೆಗೆಯಬೇಕು ಅಂತ ಸಾರ್ ನೂರು ಸಲ ಹೇಳಿದ್ದರು. ಅದೊಂದು ಶನಿವಾರ ಟ್ಯೂಬಿಗೆ ಹಿಡಿದ ಥಂಡಿಯ ಪಸೆ ಒರೆಸೋಕೆ ಹಗೇವಿಗೆ ಇಳಿದಿದ್ದೆ. ಸ್ವಿಚ್ಚು ಹೊಲದ ಆಚೆ ತುದಿಯ ಶೆಡ್ಡಿನಲ್ಲಿ. ಸೊಂಟ ಬಿದ್ದುಹೋಗಿತ್ತು, ಅಷ್ಟು ದೂರ ಯಾರು ಹೋಗ್ತಾರೆ ಅಂತ ಹಗೇವಿನ ಬಾಯಿಗೆ ಗೋಣಿತಾಟು ಮುಚ್ಚಿಸಿ, ಕತ್ತಲಲ್ಲೇ ತಡವರಿಸಿ ಮುಚ್ಚಳ ತೆಗೆದೆ.

ಹಗೇವಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತೆ. ಆದ್ದರಿಂದ ನಮ್ಮ ಕಡೆ ಒಬ್ಬ ಇಳಿದರೆ ಇನ್ನೊಬ್ಬ ಬಾಯಲ್ಲಿ ನಿಂತು ಕೂಗ್ತಿರಬೇಕು, ಕೆಳಗಿರುವವನು ಓಗೊಡ್ತಿರಬೇಕು. ಮೇಲೆ ಅಪ್ಪ ನಿಂತಿದ್ದ.

"ಲೇ ಮಗಾ!"

"ಓ."

ಮತ್ತೆ ಕೂಗಿದ, ಮತ್ತೆ ಓ ಅಂದೆ. ಮೂರನೇ ಸಲ ಬಾಯಿ ತೆಗೆಯೋಕೂ ಬೇಜಾರಾಯ್ತು. ಸುಮ್ಮನಿದ್ದೆ. ಗೋಣಿ ಸರಿಯಿತು, ಹಗ್ಗದಲ್ಲಿ ಕಟ್ಟಿದ ಲಾಟೀನು ಟ್ಯೂಬಿನ ಪಕ್ಕಕ್ಕೇ ಇಳಿಯಿತು.

"ತಲೆ ನೆಟ್ಟಗೈತಾ ನಿಂಗೆ?" ಅಂತ ಹೆತ್ತ ಅಪ್ಪನ ಮೇಲೆ ಕಿರುಚಿದೆ.

"ಉಸಿರು ಕಟ್ತೇನೋ ಅಂತ ಜೀವ ಹೊಡ್ಕೊಂತು ಕಣ್ಲಾ" ಅಂದ ಅಪ್ಪ.

ಟ್ಯೂಬು ಕೆಟ್ಟಿದ್ದನ್ನು ಸೋಮವಾರ ಸಾರ್ ಬಂದಾಗ ಹೇಳಿದರಾಯ್ತು ಅಂತ ಬಿಟ್ಟೆ. ಅಷ್ಟರೊಳಗೆ ಹಾಳಾದ್ದು, ಆ ದೊಡ್ಡದು ಭಾನುವಾರವೇ ಬಂದುಬಿಟ್ಟಿತ್ತು! ಸೋಮವಾರ, ಪೆಟ್ಟಿಗೆಗಳ ಬಡಿತ ಗುರುತಾಗುವ ಫಿಲ್ಮು ತೊಳೆದು ನೋಡಿದ ಸಾರ್ ಹುಡುಗರ ಥರ ಕುಣಿದರು. ಹೊಲದ ಒಂಬತ್ತೂ ಪೆಟ್ಟಿಗೆಗೆ ಒಟ್ಟಿಗೆ ಬಡಿದಿತ್ತು. "ಹಗೇವಿಂದು ತೋರ್ಸಪ್ಪಾ, ಬಂದಿದ್ದು ಏನು ಅಂತ ಈಗ ಗೊತ್ತಾಗ್ಬಿಡುತ್ತೆ" ಅಂದರು. ಹಗೇವಿನದು ಬರೀ ಗೀಚು.

ನಾನು ಬಾಯಿ ತೆಗೆಯುವ ಮೊದಲೇ ಅಪ್ಪ ಟವೆಲ್ಲು ಹೆಗಲಿಂದ ಇಳಿಸಿ ಮುಂದೆ ಬಂದ. "ಇವ್ನಿಗೆ ಉಸಿರು ಕಟ್ತೇನೋ ಅಂತ ನಾನೇ ದೀಪ ಬುಟ್ಟೆ ಸ್ವಾಮಿ. ಇವಂದೇನೂ ತಪ್ಪಿಲ್ಲ."

ಸಾರ್ ಆ ಗೀಚಿನ ಫಿಲ್ಮನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದರು. ಆಮೇಲೆ, "ಮಗ ಅಲ್ವಾ ಯಜಮಾನ್ರೇ, ಬಿಡಿ" ಅಂದರು. ಸ್ವಿಚ್ ಆರಿಸಿದ್ಯಾ ಅಂತ ನನ್ನನ್ನು ಕೇಳಲೇ ಇಲ್ಲ. ನಾನೂ ಹೇಳಲಿಲ್ಲ. ಅಂಥ ಇನ್ನೊಂದು ಬರುವ ಮೊದಲೇ ಪೆಟ್ಟಿಗೆಗಳನ್ನು ಕಿತ್ತು ಲಾರಿಗೆ ಹಾಕಿದ್ದಾಯ್ತು.

ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ದಿನ ಕೇಳಿದ: "ಅವತ್ತು ಮ್ಯಾಲಿಂದ ಬಂದಿದ್ದು ಕಬ್ಬಿಣವೋ ಏನೋ, ತಿಳೀತೇನ್ಲಾ?"

"ಇಲ್ಲಪ್ಪಾ."

"ಆವಯ್ಯ ಮೂರು ವರ್ಷ ಕಾದಿದ್ದ. ಪಾಪಿ ನಾನು, ದೀಪ ಬುಟ್ಟು ಕೆಡಿಸ್ದೆ."

ನಾನು ಸ್ವಿಚ್ ಆರಿಸಿದ್ದಿದ್ರೆ ನಿನ್ನ ದೀಪದಿಂದ ಏನೂ ಆಗ್ತಿರಲಿಲ್ಲ ಕಣಪ್ಪಾ, ಅನ್ನಬೇಕಿತ್ತು. ಅಪ್ಪ ಉತ್ತರಕ್ಕೆ ಕಾಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೊದಿಕೆ ಸರಿಮಾಡಿ, "ಮಲಕ್ಕೋ" ಅಂದೆ.