ತಪಾಸಣೆ ದಿನದ ರೋಗಿ

ಊರಿನ ಆರೋಗ್ಯ ಕೇಂದ್ರದ ಆಯಾಳ ಅತ್ತೆಗೆ ಕಾಯಿಲೆ ಅನ್ನುವುದೇ ಇರಲಿಲ್ಲ. ಆದರೂ ಅಲ್ಲಿ ಅವಳಷ್ಟು ಸಲ ದಾಖಲಾದವರು ಇನ್ನೊಬ್ಬರಿಲ್ಲ. ತಪಾಸಣೆಗೆ ಮೇಲಿನಿಂದ ಸಾಹೇಬರು ಬರುತ್ತಾರಂತೆ ಎಂಬ ಸುದ್ದಿ ಬಿದ್ದರೆ ಸಾಕು, ಮುದುಕಿ ತಲೆ ಬಾಚಿ, ಒಗೆದ ಬಟ್ಟೆ ಹಾಕಿಕೊಂಡು, ಕಿಟಕಿ ಪಕ್ಕದ ಮಂಚ ಹತ್ತಿ ನರಳಲು ತಯಾರಾಗುತ್ತಿದ್ದಳು.

ಮೋಸ ಅನ್ನುತ್ತೀರಾ? ಮೋಸವೇ. ಆದರೆ ಅದನ್ನು ಹುಟ್ಟಿಸಿದವರು ಮುದುಕಿ, ಆಯಾ, ನರ್ಸು ಈ ಮೂವರು ಹೆಂಗಸರಲ್ಲ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹೊಸ ಯಂತ್ರ ಕೊಡುತ್ತೇವೆಂದು ಸರ್ಕಾರ ದುಡ್ಡು ತೆಗೆದಿಟ್ಟಿತು, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡಿತು. ಹೃದಯದ ಬಡಿತ ತೋರಿಸುವ ಯಂತ್ರ ಬಂತು. ಅದನ್ನು ಎದೆಗೆ ಜೋಡಿಸುವ ವೈರು ಬರಲಿಲ್ಲ, ಬ್ಯಾಟರಿಯೂ ಬರಲಿಲ್ಲ. ಡಾಕ್ಟರಂತೂ ವಾರಕ್ಕೊಮ್ಮೆ ಮುಖ ತೋರಿಸಿದರೆ ಊರಿನ ಪುಣ್ಯ. ಇಂಥ ಕಡೆ ರೋಗಿಗಳು ಯಾಕೆ ಬರುತ್ತಾರೆ? ಅವರು ಬಾರದಿದ್ದರೆ ‘ಬಳಕೆಯಾಗುತ್ತಿಲ್ಲ’ ಎಂದು ಬರೆದು ಯಂತ್ರವನ್ನು ಪೇಟೆಗೆ ಎತ್ತಿಕೊಂಡು ಹೋಗುತ್ತಾರೆ, ಅನುದಾನ ನಿಲ್ಲಿಸುತ್ತಾರೆ, ಬಾಗಿಲಿಗೆ ಬೀಗ ಜಡಿಯುತ್ತಾರೆ. ಪಕ್ಕದ ಊರಲ್ಲಿ ಹಾಗೇ ಆಯಿತು. ಅಲ್ಲೀಗ ಯಾರೋ ಕೋಳಿ ಸಾಕಿದ್ದಾರೆ.

ಬೀಗ ಬಿದ್ದರೆ ಮೊದಲು ಬೀದಿಗೆ ಬೀಳುವವಳು ನೆಲ ಒರೆಸುವ ಆಯಾ. ಅವಳ ಗಂಡನ ಟೆಂಪೋ ಓಡಿದ್ದಕ್ಕಿಂತ ಕೆಟ್ಟು ನಿಂತದ್ದೇ ಹೆಚ್ಚು. ಒಲೆ ಉರಿಯುತ್ತಿದ್ದದ್ದು ಇವಳ ಸಂಬಳದಿಂದ. ಹಾಗಾಗಿ ನರ್ಸು ಮೊದಲ ಸಲ, “ನಿಮ್ಮತ್ತೇನ ಒಂದು ಗಂಟೆ ಮಲಗಿಸ್ತೀಯಾ?” ಎಂದು ಕೇಳಿದಾಗ ಆಯಾ ಅಳುಕುತ್ತಲೇ ಮನೆಯಲ್ಲಿ ಬಾಯಿಬಿಟ್ಟಳು.

ಸೊಸೆಯ ಸಾರಿಗೆ ದಿನಾ ಮೂಗು ಮುರಿಯುವ ಮುದುಕಿ, ಕಾಲು ಕೆರೆದು ಜಗಳಕ್ಕೆ ಬರುವವಳು, ಅಂದು ಮಾತ್ರ ಕಣ್ಣರಳಿಸಿದಳು. “ಹಾಸಿಗೆ ಮೆತ್ತಗಿದೆಯಾ? ಫ್ಯಾನ್ ಹಾಕ್ತಾರಾ?”

ಹುಟ್ಟಿದಾಗಿನಿಂದ ಚಾಪೆಯ ಮೇಲೆ ಮಲಗಿದ ಮೈ ಅದು. ಮಂಚ ಹತ್ತಿದ್ದೇ ತಡ, ಎಲ್ಲಿತ್ತೋ ಆ ಕಲೆ! ಒಮ್ಮೆ ಉಬ್ಬಸ, ಒಮ್ಮೆ ತಲೆಸುತ್ತು, ಸಾಹೇಬರು ಬಂದಷ್ಟು ಸಲವೂ ಹೊಸ ರೋಗ. ಒಬ್ಬ ಸಾಹೇಬರು ಕರಗಿ ತಮ್ಮ ನೀರಿನ ಬಾಟಲಿಯನ್ನೇ ಕೊಟ್ಟು ಹೋಗಿದ್ದರು. ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು, ಪುಣ್ಯಾತ್ಗಿತ್ತಿ.

ವೈರಿನ ಗುಟ್ಟು ಊರಲ್ಲಿ ನರ್ಸು ಮತ್ತು ಆಯಾ ಇಬ್ಬರಿಗೇ ಗೊತ್ತಿತ್ತು. ಯಂತ್ರ ಕೂರಿಸಲು ಬಂದಿದ್ದ ಮೆಕ್ಯಾನಿಕ್ ಒಂದು ಗುಂಡಿ ತೋರಿಸಿ ಹೋಗಿದ್ದ. “ಗಿರಾಕಿಗಳಿಗೆ ತೋರಿಸೋಕೆ ಅಂತ ಇರೋದು ಇದು. ಯಾರಿಗೂ ಜೋಡಿಸದೆ ಇದ್ರೂ ಗೆರೆ ಓಡತ್ತೆ. ವೈರು ಬರೋವರೆಗೆ ನಡೆಸ್ಕೊಳ್ಳಿ.” ನರ್ಸು ಹಾಳು ರೇಡಿಯೋದ ವೈರನ್ನು ಮುದುಕಿಯ ಎದೆಗೆ ಅಂಟಿಸುತ್ತಿದ್ದಳು, ಗುಂಡಿ ಒತ್ತುತ್ತಿದ್ದಳು. ಪರದೆಯ ಮೇಲೆ ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು.

ಕೊನೆಯ ತಪಾಸಣೆಯ ಬೆಳಗ್ಗೆ ಮುದುಕಿ ತಿಂಡಿ ಮುಟ್ಟಲಿಲ್ಲ. “ಎದೆ ಹಿಂಡ್ತಾ ಇದೆ ಕಣೇ” ಅಂದಳು. ಈ ಸಲ ಎದೆನೋವಿನ ಪಾತ್ರ ಇರಬೇಕು, ಮನೆಯಿಂದಲೇ ಶುರುಮಾಡಿದ್ದಾಳೆ ಎಂದು ಸೊಸೆ ನಕ್ಕಳು.

ಬಂದ ಸಾಹೇಬರು ಲೆಕ್ಕಪತ್ರದ ಕಡೆಯವರು, ಡಾಕ್ಟರಲ್ಲ. ಅವರು ಮಂಚದ ಹತ್ತಿರ ಬರುವಷ್ಟರಲ್ಲಿ ಮುದುಕಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. “ಬೆವರನ್ನೂ ತರಿಸ್ಕೊಂಡಿದ್ದಾಳಲ್ಲೇ!” ಎಂದು ನರ್ಸು ಆಯಾಳ ಕಿವಿಯಲ್ಲಿ ಉಸುರಿದಳು. ಆಗ ಮುದುಕಿ ಸೊಸೆಯ ಮಣಿಕಟ್ಟು ಹಿಡಿದಳು. ಬಿಗಿಯಾಗಿ ಹಿಡಿದಳು.

“ನಿಜವಾಗ್ಲೂ ಕಣೇ. ನಾಟಕ ಅಲ್ಲ.”

ಇದು ನಿಜವಿರಬಹುದೆಂದು ಆಯಾಳಿಗೆ ಅನುಮಾನ ಬಂದಿತ್ತು, ಬಂದೇ ಇತ್ತು. ಆದರೆ ನಾಟಕ ಎಂಬ ಮಾತು ಸಾಹೇಬರ ಕಿವಿಗೆ ಬಿದ್ದರೆ ಕೆಲಸ ಹೋಯಿತು. ದಿಂಬು ಸರಿಮಾಡುವವಳಂತೆ ಬಗ್ಗಿ, ಹಲ್ಲು ಕಚ್ಚಿಕೊಂಡು, “ಬಾಯಿ ಮುಚ್ಚಿ ಅತ್ತೆ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡಿ” ಅಂದಳು.

ಸಾಹೇಬರು ಪರದೆ ನೋಡಿದರು. “ಗೆರೆ ಚೆನ್ನಾಗೇ ಓಡ್ತಿದೆಯಲ್ಲ ಅಜ್ಜಿ. ಸುಮ್ನೆ ಹೆದರ್ಕೋಬೇಡಿ.”

ಮುದುಕಿ ಸುಮ್ಮನಾದಳು. ಜೀವಮಾನದಲ್ಲಿ ಮೊದಲ ಸಲ ಸೊಸೆಯ ಮಾತು ಕೇಳಿದಳು ಎನ್ನಬೇಕು.

ಸಾಹೇಬರು ಹೊರಗಿನ ಕೋಣೆಯಲ್ಲಿ ಚಹಾ ಕುಡಿದು, ಯಂತ್ರ ಸದುಪಯೋಗವಾಗುತ್ತಿದೆ, ಇನ್ನೊಂದನ್ನು ಮಂಜೂರು ಮಾಡಿಸುತ್ತೇನೆ ಎಂದು ಬೆನ್ನು ತಟ್ಟಿ ಹೋದರು. ಜೀಪು ತಿರುವು ದಾಟಿದ ಮೇಲೆ ಆಯಾ ಒಳಗೆ ಓಡಿದಳು. ಅತ್ತೆಯ ಕೈ ತಣ್ಣಗಿತ್ತು. ನರ್ಸು ನಾಡಿ ಹಿಡಿದು ನೋಡಿದಳು, ಮುಖದ ಮೇಲೆ ಬಟ್ಟೆ ಎಳೆದಳು. ಆ ಗಾಬರಿಯಲ್ಲಿ ಯಂತ್ರ ಆರಿಸುವ ನೆನಪು ಇಬ್ಬರಿಗೂ ಬರಲಿಲ್ಲ.

ಸುದ್ದಿ ಕೇಳಿ ಆಯಾಳ ಗಂಡ ಬಿದ್ದೆದ್ದು ಬಂದ. ಹಿಂದೆಯೇ ಊರವರು ಬಂದು ಬಾಗಿಲ ತುಂಬ ನಿಂತರು. ಅವನು ತಾಯಿಯ ಕಾಲು ಹಿಡಿದು ಅತ್ತ, ತಲೆಯೆತ್ತಿ ಪರದೆ ನೋಡಿದ. ಅವನ ಮುಖವೇ ಬದಲಾಯಿತು.

“ಲೇ, ಅಮ್ಮ ಬದುಕಿದ್ದಾಳೆ! ಗೆರೆ ನೋಡೇ, ಗೆರೆ ಓಡ್ತಿದೆ!” ಮುಖದ ಬಟ್ಟೆ ಕಿತ್ತೆಸೆದ. ಅಂಗೈ ಉಜ್ಜಿದ, ಅಂಗಾಲು ಉಜ್ಜಿದ. “ಅಮ್ಮಾ, ಕಣ್ಣು ಬಿಡಮ್ಮಾ. ಸಿಸ್ಟರ್, ಏನ್ ನೋಡ್ತಾ ನಿಂತಿದ್ದೀರಿ? ಸೂಜಿ ಚುಚ್ಚಿ!”

ನರ್ಸು ಗೋಡೆಯ ಕಡೆ ತಿರುಗಿಕೊಂಡಳು. ಅದು ಸುಳ್ಳು ಗೆರೆ ಎಂದು ಅಷ್ಟು ಜನರೆದುರು ಹೇಳಿದರೆ ಸಂಜೆಯೊಳಗೆ ಸಾಹೇಬರಿಗೆ ಗೊತ್ತಾಗುತ್ತಿತ್ತು. ಹೇಳದಿದ್ದರೆ ಗಂಡ ಹೆಣದ ಕಾಲು ಉಜ್ಜುತ್ತಲೇ ಇರುತ್ತಿದ್ದ. ಆಯಾ ನೋಡುವಷ್ಟು ಹೊತ್ತು ನೋಡಿದಳು. ಆಮೇಲೆ ಹೋಗಿ ಗೋಡೆಯ ಪ್ಲಗ್ ಕಿತ್ತಳು.

ಪರದೆ ಕಪ್ಪಾಯಿತು. ಗಂಡ ಅದನ್ನೂ ನೋಡಿದ, ಅವಳ ಕೈಯಲ್ಲಿದ್ದ ವೈರನ್ನೂ ನೋಡಿದ.

“ಕೊಂದ್ಬಿಟ್ಯಲ್ಲೇ” ಅಂದ.

ಅವಳು ವೈರನ್ನು ಕೆಳಗಿಟ್ಟು ಅತ್ತೆಯ ಮುಖದ ಮೇಲೆ ಮತ್ತೆ ಬಟ್ಟೆ ಎಳೆದಳು. ಕೆಲಸ ಉಳಿಯಿತು, ಎರಡನೇ ಯಂತ್ರವೂ ಬಂತು. ಗಂಡ ಅವಳ ಸಂಬಳವನ್ನು ಈಗಲೂ ಎಣಿಸಿ ತೆಗೆದುಕೊಳ್ಳುತ್ತಾನೆ. ಅವಳು ಬಡಿಸಿದ್ದನ್ನು ಮಾತ್ರ ಮುಟ್ಟುವುದಿಲ್ಲ.